ಹೆಪ್ಪಿನ ತೊಟ್ಟಿ

ನಮ್ಮ ಅದಿರಿಗೆ ಕಾರ್ಖಾನೆಯಲ್ಲಿ ಎಲ್ಲರೂ ಇಟ್ಟ ಹೆಸರು ‘ಮೊಂಡ’. ಚಿನ್ನವೇನೋ ಇದೆ, ಆದರೆ ಗಂಧಕ ಬೆರೆತ ಕಲ್ಲು ಅದನ್ನು ಒಡಲಲ್ಲಿ ಬಚ್ಚಿಟ್ಟುಕೊಂಡು ಕೂತಿದೆ. ಹಿಟ್ಟಿನ ಹಾಗೆ ಅರೆದರೂ, ಯಾವ ದ್ರಾವಣದಲ್ಲಿ ನೆನೆಹಾಕಿದರೂ, ಜಪ್ಪಯ್ಯ ಅಂದರೂ ಬಿಟ್ಟುಕೊಡುವುದಿಲ್ಲ. ಮೊದಲು ಅದನ್ನು ಬಗ್ಗಿಸಲು ಇದ್ದದ್ದು ಒಂದೇ ದಾರಿ, ಕುಲುಮೆಯಲ್ಲಿ ಹುರಿಯುವುದು. ಆ ಕುಲುಮೆಯ ಮೇಸ್ತ್ರಿ ನನ್ನ ಅಪ್ಪ. ಕೆಂಡದ ಬಣ್ಣ ನೋಡಿಯೇ ಅದಿರು ಹದಕ್ಕೆ ಬಂತೋ ಇಲ್ಲವೋ ಹೇಳುತ್ತಿದ್ದ. ಊರಲ್ಲಿ ಅವನು ‘ಬೆಂಕಿ ಮೇಸ್ತ್ರಿ’.

ಆ ಕುಲುಮೆಯನ್ನು ನಂದಿಸಿದವಳು ನಾನು, ಅವನ ಮಗಳು.

ಅದರ ಹೊಗೆಯಲ್ಲಿ ವಿಷವಿತ್ತು. ಕಾರ್ಖಾನೆಯ ಸುತ್ತ ಹುಲ್ಲುಕಡ್ಡಿಯೂ ಚಿಗುರುತ್ತಿರಲಿಲ್ಲ. ಗಂಧಕದ ಕಲ್ಲನ್ನೇ ತಿಂದು ಬದುಕುವ ಸೂಕ್ಷ್ಮಜೀವಿಗಳಿವೆ. ಅವು ಕಲ್ಲನ್ನು ಕರಗಿಸಿದರೆ ಚಿನ್ನ ಸುಲಭವಾಗಿ ಕೈಗೆ ಸಿಗುತ್ತದೆ. ನಾನು ಓದಿ ಬಂದು ಅವನ್ನು ತೊಟ್ಟಿಗಳಲ್ಲಿ ಸಾಕಿದೆ. ಎಲ್ಲರೂ ಅವನ್ನು ಹುಳ ಅನ್ನುತ್ತಾರೆ. ಹುಳ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ ಈಗ ನಾನೂ ಹುಳ ಅನ್ನುತ್ತೇನೆ.

“ಹುಳ ಕಲ್ಲು ತಿಂದು ಚಿನ್ನ ಕಕ್ಕುತ್ತಂತೆ!” ಎಂದು ಮನೆಗೆ ಬಂದವರ ಮುಂದೆಲ್ಲ ಅಪ್ಪ ಆಡಿಕೊಳ್ಳುತ್ತಿದ್ದ. “ನಿನ್ನ ಹುಳಕ್ಕೆ ಊಟ ಆಯ್ತೇನೇ?” ಎಂದು ಅಮ್ಮ ಬಡಿಸುತ್ತಲೇ ನಗುತ್ತಿದ್ದಳು. ನಾನು ತಟ್ಟೆ ತಳ್ಳಿ ಎದ್ದದ್ದೂ ಉಂಟು. ನನಗೆ ಮೂಗಿನ ತುದಿಯಲ್ಲೇ ಕೋಪ.

ಅವತ್ತು ಮಧ್ಯಾಹ್ನ ತೊಟ್ಟಿಗಳಿಗೆ ಗಾಳಿ ಊದುವ ಯಂತ್ರ ಕಿರ್ರೆಂದು ಅರಚಿ ನಿಂತುಹೋಯಿತು. ಬದಲಿ ಯಂತ್ರ ರಿಪೇರಿಗೆ ಹೋಗಿತ್ತು. ಗಾಳಿಯಿಲ್ಲದೆ ಹುಳ ಸಂಜೆ ದಾಟುವುದಿಲ್ಲ. ದೊಡ್ಡ ತೊಟ್ಟಿಗಳು ಹೋದರೆ ಹೋಗಲಿ, ಹೆಪ್ಪಿನ ತೊಟ್ಟಿ ಉಳಿಯಬೇಕಿತ್ತು. ಮೊಸರಿಗೆ ಹೆಪ್ಪು ಹೇಗೋ ಹಾಗೆ, ಅದರಲ್ಲಿರುವ ಹುಳದಿಂದಲೇ ಮಿಕ್ಕ ತೊಟ್ಟಿಗಳನ್ನೆಲ್ಲ ಮತ್ತೆ ಬೆಳೆಸಬಹುದು. ನಮ್ಮ ಮೊಂಡ ಅದಿರಿಗೆ ಅವನ್ನು ಒಗ್ಗಿಸಲು ವರ್ಷಗಳೇ ಹಿಡಿದಿದ್ದವು.

“ಇದೂ ಸತ್ರೆ ಇನ್ನು ಕಾಯೋಕಾಗಲ್ಲಮ್ಮ. ಮತ್ತೆ ಕುಲುಮೆ ಹೊತ್ತಿಸೋದೇ,” ಎಂದರು ಮ್ಯಾನೇಜರ್. ಅವರ ಮೇಲೆ ರೇಗಿ ಪ್ರಯೋಜನವಿರಲಿಲ್ಲ. ಆದರೂ ರೇಗಿದೆ.

ಆಗ ಹೊಳೆಯಿತು. ನಮ್ಮ ಮನೆ ಮುಂದೆ ರಸ್ತೆ ಒಡೆಯುತ್ತಿದ್ದರು; ಅವರ ಹತ್ತಿರ ಡೀಸೆಲ್ ಕಂಪ್ರೆಸರ್ ಇತ್ತು. ಒಂದು ತೊಟ್ಟಿಗೆ ಆ ಗಾಳಿ ಸಾಕು. ಆದರೆ ಅದನ್ನು ತರಿಸಲು ಕೇಳಬೇಕಾದದ್ದು ಅಪ್ಪನನ್ನು. ಕುಲುಮೆ ಮತ್ತೆ ಹೊತ್ತಲಿ ಎಂದು ಆಸೆಪಡುತ್ತಿದ್ದವನು ಊರಿಗೆಲ್ಲ ಅವನೊಬ್ಬನೇ.

ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದೆ. “ಅಪ್ಪ, ರಸ್ತೆಯವರ ಕಂಪ್ರೆಸರ್ ಬೇಕು. ಇಲ್ಲಾಂದ್ರೆ ನನ್ನ ಹುಳ ಸಾಯ್ತವೆ. ನಿನ್ನ ಕುಲುಮೆ ಹೊತ್ತಿಸ್ತಾರಂತೆ.”

“ಸದ್ದು ಜಾಸ್ತಿ ಅಂತ ಬೆಳಿಗ್ಗೆ ತಾನೇ ಅವರ ಜೊತೆ ಜಗಳ ಆಡಿದೀನಲ್ಲೇ,” ಎಂದು ಫೋನ್ ಇಟ್ಟುಬಿಟ್ಟ. ಕಥೆ ಮುಗಿಯಿತು ಅಂದುಕೊಂಡೆ.

ಬಿಸಿಲು ಇಳಿಯುವ ಮೊದಲೇ ಗೇಟಿನಲ್ಲಿ ಟ್ರ್ಯಾಕ್ಟರ್ ಸದ್ದಾಯಿತು. ಹಿಂದೆ ಹಳದಿ ಕಂಪ್ರೆಸರ್. ಓಡಿಸುತ್ತಿದ್ದವನು ಅದರ ಮಾಲೀಕ. ಪಕ್ಕದಲ್ಲಿ ಒಂದು ಕೈಯಲ್ಲಿ ಡೀಸೆಲ್ ಕ್ಯಾನು ಹಿಡಿದು, ಕಾಲಿಗೆ ಚಪ್ಪಲಿಯೂ ಇಲ್ಲದೆ ಅಪ್ಪ.

ಮಾತಾಡಲು ಪುರುಸೊತ್ತಿರಲಿಲ್ಲ. ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆಯಿರುತ್ತದೆ, ಎಣ್ಣೆ ಹುಳಕ್ಕೆ ಆಗದು. ನಡುವೆ ಎಣ್ಣೆ ಸೋಸುವ ಡಬ್ಬಿ ಕೂರಿಸಿ, ಪೈಪಿಗೆ ಪೈಪು ಬಿಗಿದು, ಗಾಳಿ ಬಿಟ್ಟೆ. ತೊಟ್ಟಿ ಬುಳುಬುಳು ಎಂದಿತು. ಸ್ವಲ್ಪ ಹೊತ್ತಿಗೆ ಗಾಳಿ ನಿಲ್ಲಿಸಿ ಮೀಟರ್ ನೋಡಿದೆ. ನೀರಿನೊಳಗಿನ ಆಮ್ಲಜನಕ ಸರಸರ ಇಳಿಯಿತು. ಅಂದರೆ ಹುಳ ಉಸಿರಾಡುತ್ತಿದ್ದವು! ತಕ್ಷಣ ಮತ್ತೆ ಗಾಳಿ ಬಿಟ್ಟೆ. ನನ್ನ ಕೆಲಸದ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ. ಅಪ್ಪನಿಗೆ ಹೇಳೋಣವೆಂದು ತಿರುಗಿದರೆ ಅವನು ತೊಟ್ಟಿಯ ಆ ಬದಿಯಲ್ಲಿದ್ದ.

ಕಂಪ್ರೆಸರಿನವನು ಕೇಳುತ್ತಿದ್ದ. “ಈ ಕೆಸರಿಗೆ ಯಾಕೆ ಯಜಮಾನ್ರೇ ಇಷ್ಟು ಉಪಚಾರ?”

“ಕೆಸರು ಅನ್ಬೇಡ್ವೋ,” ಎಂದ ಅಪ್ಪ. ಅಂಗೈ ತೊಟ್ಟಿಯ ಮೇಲಿತ್ತು. “ಮುಟ್ಟಿ ನೋಡು, ಹೇಗೆ ಬೆಚ್ಚಗಿದೆ! ಕೆಳಗೆ ಒಲೆ ಇಲ್ಲ, ಅವುಗಳದ್ದೇ ಬಿಸಿ. ನಾನು ಅಷ್ಟು ಹೊಗೆ ಕುಡಿದು ಮಾಡ್ತಿದ್ದ ಕೆಲಸಾನ ಇವು ತಣ್ಣಗೆ ಕೂತು ಮಾಡ್ತವೆ.”

“ಯಾರು ಸಾಕಿದ್ದು?”

ದೂರದಲ್ಲಿ ನಿಂತಿದ್ದ ಮ್ಯಾನೇಜರಿಗೂ ಕೇಳಲಿ ಎಂದು ಕಂಪ್ರೆಸರಿನ ಸದ್ದಿಗಿಂತ ಗಟ್ಟಿಯಾಗಿ ಅಪ್ಪ ಕೂಗಿದ.

“ನನ್ನ ಮಗಳು!”