ಗುಡ್ಡದ ಕಡೆಗೆ ತಲೆ

ಗುಡ್ಡ ತೆಂಕಣಕ್ಕಿಲ್ಲವೋ, ತನಗೇ ದಿಕ್ಕು ತಪ್ಪಿದೆಯೋ? ಬೀರಲಿಂಗನಿಗೆ ತಿಳಿಯಲಿಲ್ಲ. ಮಸಣದಲ್ಲಿ ಕುಣಿಯ ಅಂಚಿನಲ್ಲಿ ನಿಂತು ಸೂರ್ಯನನ್ನು ನೋಡಿದ, ತನ್ನ ನೆರಳನ್ನು ನೋಡಿದ, ಮತ್ತೆ ಗುಡ್ಡವನ್ನು ನೋಡಿದ. ಲಿಂಗಸುಗೂರಿನ ಕಾಲೇಜಿನಲ್ಲಿ ಭೂಗೋಳ ಹೇಳುವ ಅತಿಥಿ ಉಪನ್ಯಾಸಕ ಅವನು. ಇಷ್ಟಕ್ಕೂ ಅನುಮಾನವೇ ಎಂದು ಒಳಗೊಳಗೇ ನಾಚಿಕೆಯಾಯಿತು. ಆದರೆ ದಿಕ್ಕೆಂಬುದನ್ನು ಕರಿಹಲಗೆಯ ಮೇಲಲ್ಲದೆ ನೆಲದ ಮೇಲೆ ನೋಡಿ ಎಷ್ಟೋ ವರ್ಷಗಳಾಗಿದ್ದವು.

ಕುಣಿಯೊಳಗೆ ದೊಡ್ಡಬಸಪ್ಪ ಸಲಿಕೆಯಿಂದ ಮಣ್ಣೆತ್ತಿ ಹಾಕುತ್ತಿದ್ದ. ಶಾಲೆಯಲ್ಲಿ ಬೀರಲಿಂಗನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವನು. ಊರೊಳಗೆ ವೆಂಕೋಬ ಮಾಸ್ತರರ ಮೈ ತೊಳೆದು, ಗೋಡೆಗೆ ಆನಿಸಿ ಕೂಡಿಸಿದ್ದರು. ಸಿಂಧನೂರಿನಿಂದ ಮಗಳು ನಾಗವೇಣಿ ಬರುವುದಷ್ಟೇ ಬಾಕಿ. ಸಂತೆಕಲ್ಲೂರಿನ ಮಗ್ಗುಲಿನ ಈ ಸಣ್ಣ ಊರಿನ ಹೈಸ್ಕೂಲಿನಲ್ಲೇ ಮಾಸ್ತರರು ತಮ್ಮ ನೌಕರಿಯೆಲ್ಲ ಕಳೆದವರು. ಹೇಳುತ್ತಿದ್ದುದು ಭೂಗೋಳ. ನಿನ್ನೆ ಸಂಜೆ ಕಟ್ಟೆಯ ಮೇಲೆ ಕುಳಿತಲ್ಲೇ ಹೋಗಿದ್ದರು.

"ತಲಿ ಯಾ ಕಡಿ ಬರತೈತಿ?" ಬೀರಲಿಂಗ ಕೇಳಿದ.

"ತೆಂಕಣಕ್ಕ. ಮತ್ತೆಲ್ಲಿ ಬರತೈತಿ?" ದೊಡ್ಡಬಸಪ್ಪ ಸಲಿಕೆಯ ತುದಿಯಿಂದ ಗುಡ್ಡವನ್ನು ತೋರಿಸಿದ.

ಆ ಊರಿನವರು ಸತ್ತವರನ್ನು ತೆಂಕಣಕ್ಕೆ ತಲೆಯಿಟ್ಟು ಮಲಗಿಸುತ್ತಾರೆ. ಹಳೆಯ ಮಸಣ ಊರಿನ ಬಡಗಣಕ್ಕಿತ್ತು. ಅಲ್ಲಿ ನಿಂತರೆ ಗುಡ್ಡ ನೆಟ್ಟಗೆ ತೆಂಕಣಕ್ಕೆ ಕಾಣುತ್ತಿತ್ತು. ಹಾಗಾಗಿ ಕುಣಿ ತೋಡುವವರು ದಿಕ್ಕು ನೋಡುತ್ತಿರಲಿಲ್ಲ, ಗುಡ್ಡ ನೋಡುತ್ತಿದ್ದರು. ಆ ಜಾಗವನ್ನು ಕರೆಂಟಿನ ಸ್ಟೇಷನ್ನಿಗೆ ತೆಗೆದುಕೊಂಡು, ಬದಲಿಗೆ ಊರಿನ ಮೂಡಣಕ್ಕೆ ಈ ಹೊಸ ಜಾಗ ಕೊಟ್ಟರು. ಮಸಣ ಸರಿದು ಬಂತು. ಗುಡ್ಡದ ಕಡೆಗೆ ತಲೆ ಎಂಬ ರೂಢಿಯೂ ಅದರ ಹಿಂದೆ ಬಂತು.

ಬೇಲಿಯ ಜಾಲಿ ಕಡ್ಡಿಯೊಂದನ್ನು ಮುರಿದು ಬೀರಲಿಂಗ ನೆಲಕ್ಕೆ ನೆಟ್ಟ. ನೆರಳಿನ ತುದಿಗೆ ಒಂದು ಹರಳು ಇಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ.

ಪರವೂರಿನ ಮಂದಿಯನ್ನು ಆಟೋದಲ್ಲಿ ಮಾಸ್ತರರ ಮನೆಗೆ ತಂದು ಇಳಿಸಿದ್ದ ಶೇಕ್ಷಾವಲಿ ಬೀಡಿ ಹಚ್ಚಿಕೊಂಡು ಬಂದ. ಅವನೂ ಅದೇ ತರಗತಿಯವನು. ಕಡ್ಡಿ ನೋಡಿ ನಕ್ಕ. "ಮಾಸ್ತರ ಸತ್ರೂ ನಿನ್ನ ಹೋಮ್‌ವರ್ಕ್ ಮುಗೀವಲ್ದೇನಲೇ?"

ಬೀರಲಿಂಗ ನೆರಳಿನಿಂದ ಕಣ್ಣು ತೆಗೆಯಲಿಲ್ಲ.

*

"ಉತ್ತರ ಎಲ್ಲೈತಿ ತೋರಿಸ್ರಿ" ಎಂದು ಮಾಸ್ತರರು ಕೇಳಿದ ದಿನ, ಇಡೀ ಎಂಟನೆಯ ತರಗತಿ ಬೆರಳೆತ್ತಿ ಶಾಲೆಯ ಮಾಡು ತೋರಿಸಿತ್ತು. ಗೋಡೆಯ ನಕಾಶೆಯಲ್ಲಿ ಉತ್ತರ ಮೇಲಿರುತ್ತದಲ್ಲ! ಮಾಸ್ತರರು ನಗಲಿಲ್ಲ. ನಕಾಶೆಯನ್ನು ಮೊಳೆಯಿಂದ ಬಿಚ್ಚಿದರು, ಅಂಗಳಕ್ಕೆ ತಂದು ನೆಲದ ಮೇಲೆ ಹಾಸಿದರು. ಕೋಲು ನೆಟ್ಟು, ನೆರಳು ಸರಿಯುವವರೆಗೆ ಎಲ್ಲರನ್ನೂ ಬಿಸಿಲಲ್ಲೇ ಕೂಡಿಸಿದರು. ಆಮೇಲೆ ನಕಾಶೆಯ ಉತ್ತರ ನೆಲದ ಉತ್ತರಕ್ಕೆ ಸೇರುವಂತೆ ಮೆಲ್ಲಗೆ ತಿರುಗಿಸಿದರು. "ಈಗ ಕೃಷ್ಣಾ ಹೊಳಿ ಎಲ್ಲಿ ಐತೋ ಅಲ್ಲೇ ಐತಿ ನೋಡ್ರಿ" ಎಂದರು. ಬೀರಲಿಂಗನಿಗೆ ಮೈ ಜುಮ್ಮೆಂದಿತ್ತು. ಕಾಗದದ ಮೇಲಿನ ನೀಲಿಗೆರೆ ಒಮ್ಮೆಲೇ ಜೋಳದ ಹೊಲಗಳಾಚೆ ಎಲ್ಲೋ ಹರಿಯತೊಡಗಿತ್ತು.

ಅದು ಬಹಳ ವರ್ಷ ನಡೆಯಲಿಲ್ಲ. ಹತ್ತನೆಯ ತರಗತಿಯ ಫಲಿತಾಂಶ ಇಳಿಯಿತು. ಮಕ್ಕಳನ್ನು ಬಿಸಿಲಿಗೆ ಹಾಕಿ ಕಾಲ ಕಳೆಯುತ್ತಾನೆಂದು ಪಾಲಕರು ಬಂದು ಕೂಗಾಡಿದರು. ಪರೀಕ್ಷೆಗೆ ಬರುವ ಪ್ರಶ್ನೆಗಳನ್ನಷ್ಟೇ ಬಾಯಿಪಾಠ ಮಾಡಿಸಿ ಎಂದು ಮೇಲಿನಿಂದ ಹೇಳಿಕೆ ಬಂತು. ಕಾಲೇಜಿನಲ್ಲಿ ಕೆಲಸ ಸಿಕ್ಕಿತೆಂದು ಹೇಳಲು ಬೀರಲಿಂಗ ಪೇಡೆ ಹಿಡಿದು ಬಂದಾಗ, ಮಾಸ್ತರರು ಕುರ್ಚಿಯಲ್ಲಿ ಕುಳಿತು ಪ್ರಶ್ನೋತ್ತರ ಬರೆಸುತ್ತಿದ್ದರು. ನಕಾಶೆಯಲ್ಲಿ ಯಾವ ಊರಿನ ಚುಕ್ಕೆ ಎಲ್ಲಿಡಬೇಕೆಂದು ತೂತು ಕೊರೆದ ರಟ್ಟೊಂದು ಕೈಯಿಂದ ಕೈಗೆ ಹೋಗುತ್ತಿತ್ತು. ಬಾಗಿಲಲ್ಲಿ ನಿಂತ ಬೀರಲಿಂಗನನ್ನು ಕಂಡು ಅವರು ಕಣ್ಣು ತಗ್ಗಿಸಿದರು. ಹೊರಗೆ ಬಂದು, "ನೀನರ ಹುಡುಗರನ್ನ ಹೊರಗ ಕರ್ಕೊಂಡು ಹೋಗು" ಎಂದರು. ಬೀರಲಿಂಗ ತಲೆಯಾಡಿಸಿದ್ದ.

ಅವನೂ ಕರೆದುಕೊಂಡು ಹೋಗಲಿಲ್ಲ. ಅವನ ಕಾಲೇಜಿನಲ್ಲಿ ಪ್ರಾಯೋಗಿಕ ತರಗತಿಯೆಂದರೆ ಕಿಟಕಿಯ ಗಾಜಿಗೆ ಹಾಳೆ ಹಿಡಿದು ನಕಾಶೆಯ ಗೆರೆ ತಿದ್ದುವುದು.

*

ನೆರಳು ಸರಿದಿತ್ತು. ಬೀರಲಿಂಗ ಅದರ ತುದಿಗೆ ಎರಡನೆಯ ಹರಳು ಇಟ್ಟ. ಎರಡರ ನಡುವೆ ಬೆರಳಿನಿಂದ ಗೆರೆ ಎಳೆದ. ಅದು ಮೂಡಣ ಪಡುವಣ. ಅದಕ್ಕೆ ಅಡ್ಡಲಾಗಿ ಇನ್ನೊಂದು ಗೆರೆ ಎಳೆದು ಎದ್ದು ನಿಂತ. ಅನುಮಾನ ಉಳಿಯಲಿಲ್ಲ. ಗುಡ್ಡ ಇತ್ತ ತೆಂಕಣಕ್ಕೂ ಇರಲಿಲ್ಲ, ಅತ್ತ ಪಡುವಣಕ್ಕೂ ಇರಲಿಲ್ಲ. ಕುಣಿ ಓರೆಯಾಗಿ ಬಿದ್ದಿತ್ತು.

"ದೊಡ್ಡಬಸಪ್ಪ, ದಿಕ್ಕು ತಪ್ಪೈತಿ. ಈ ಮೂಲಿ ಕಡದು ಆ ಕಡಿ ತಿರುಗಿಸಿದ್ರ ಸಾಕು. ನಾನೂ ತೋಡ್ತೀನಿ ಕೊಡು."

ದೊಡ್ಡಬಸಪ್ಪ ಗೆರೆಗಳನ್ನು ಬಗ್ಗಿ ನೋಡಿದ. ಅವನಿಗೆ ಅರ್ಥವಾಯಿತೆಂಬುದು ಮುಖದಲ್ಲೇ ಕಂಡಿತು. ಅವನೂ ಆ ಅಂಗಳದಲ್ಲಿ ಕುಳಿತವನಲ್ಲವೇ? ಸ್ವಲ್ಪ ಹೊತ್ತು ಸಲಿಕೆಗೆ ಅಂಟಿದ ಎರೆಮಣ್ಣನ್ನು ಬೆರಳಿನಿಂದ ತೆಗೆಯುತ್ತ ನಿಂತ.

"ಸುತ್ತ ನೋಡು," ಎಂದ ಕೊನೆಗೆ. "ನಮ್ಮಪ್ಪ ಅಲ್ಲಿ ಅದಾನ. ನಿಮ್ಮ ದೊಡ್ಡವ್ವ ಅಲ್ಲಿ. ಎಲ್ಲಾರೂ ಗುಡ್ಡದ ಕಡೀನ ತಲಿ ಹಾಕ್ಯಾರ. ಇವರೊಬ್ಬರನ್ನ ತಿರುಗಿಸಿದ್ರ, ಉಳಿದವರೆಲ್ಲ ತಪ್ಪು ಮಲಗ್ಯಾರ ಅಂದಂಗ ಆತು. ಅದನ್ನ ಊರಿಗೆ ಹೇಳಾವ್ರು ಯಾರು? ನೀ ಸಂಜಿ ಬಸ್ಸಿಗೆ ಹೋಗಾವ."

ಬೀರಲಿಂಗ ಸುತ್ತ ನೋಡಿದ. ದಿಬ್ಬಗಳೆಲ್ಲ ಒಂದೇ ಓರೆಯಲ್ಲಿ ಸಾಲಾಗಿದ್ದವು. ಹೊಸ ಕುಣಿಗೆ ತೀರ ಹತ್ತಿರದ್ದು ಗಾದಿಲಿಂಗನದು.

*

ಮಾಸ್ತರರ ಒಬ್ಬನೇ ಮಗ ಅವನು. ಡೆಂಗಿ ಜ್ವರ ಬಂದು, ಕಾಲೇಜು ಓದುವಾಗಲೇ ಹೋದ. ಈ ಹೊಸ ಜಾಗದಲ್ಲಿ ಮೊದಮೊದಲು ಇಳಿದವರಲ್ಲಿ ಅವನೂ ಒಬ್ಬ. ಅಂದು ಬೀರಲಿಂಗ ಮಾಸ್ತರರ ರಟ್ಟೆ ಹಿಡಿದು ನಿಂತಿದ್ದ. ಹೆಣ ಇಳಿಸುವ ಮುನ್ನ ಅವರು ತಲೆಯೆತ್ತಿ ಸೂರ್ಯನನ್ನು ನೋಡಿದ್ದರು. ಆಮೇಲೆ ಕುಣಿಯನ್ನು ನೋಡಿದ್ದರು. ಬಲಗೈ ಅರ್ಧ ಮೇಲೆದ್ದಿತ್ತು, ತರಗತಿಯಲ್ಲಿ ತಪ್ಪು ಉತ್ತರ ಹೇಳಿದವನನ್ನು ತಡೆಯುವಾಗ ಏಳುತ್ತಿದ್ದ ಹಾಗೆ. ಮತ್ತೆ ಇಳಿದಿತ್ತು.

ದುಃಖಕ್ಕೆ ಎದ್ದ ಕೈ ಎಂದೇ ಬೀರಲಿಂಗ ತಿಳಿದಿದ್ದ.

*

ಬಾಜಿ ಬಾರಿಸುವ ಸದ್ದು ಹತ್ತಿರವಾಯಿತು. ಹೆಣ ಬಂತು, ಹಿಂದೆ ಮಂದಿ ಬಂದರು. ನಾಗವೇಣಿ ತಾಯಿ ಆದೆಮ್ಮನ ತೋಳು ಹಿಡಿದಿದ್ದಳು. ಇಳಿಸಲು ಕೈ ಹಚ್ಚುವಾಗ ದೊಡ್ಡಬಸಪ್ಪ ತಡೆದ. ತನ್ನ ಮೇಲೇಕೆ ಹೊರೆ ಎನಿಸಿರಬೇಕು.

"ಅವ್ವಾ, ಬೀರಲಿಂಗ ಕುಣಿ ದಿಕ್ಕು ತಪ್ಪೈತಿ ಅಂತಾನ. ತಿರುಗಿಸಬೇಕಂದ್ರ ಇನ್ನೂ ಆಗತೈತಿ. ನೀ ಹೇಳಬೇ."

ಗುಜುಗುಜು ಎದ್ದಿತು. ಹಿರಿಯರೊಬ್ಬರು ಓದಿದವರದ್ದೆಲ್ಲ ಇದೇ ಹಣೇಬಾರ ಎಂದು ಗೊಣಗಿದರು. ಆದೆಮ್ಮ ಯಾರ ಕಡೆಗೂ ನೋಡದೆ ಬೀರಲಿಂಗನ ಮುಂದೆ ಬಂದು ನಿಂತಳು.

"ನಾ ಕಲಿಸಿದ್ದು ಬೀರಲಿಂಗಗ ಒಬ್ಬಗ ಹತ್ತೇತಿ ಅಂತಿದ್ರು ನಿಮ್ಮ ಮಾಸ್ತರು. ನೀ ಹೇಳಿದಂಗ ಆಗಲಪಾ." ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಅವಳ ಕಣ್ಣು ಪಕ್ಕದ ದಿಬ್ಬದ ಕಡೆಗೆ ಹೋಯಿತು. "ಆದ್ರ ನನ್ನ ಮಗಂದೂ ಹಿಂಗ ಐತಲ್ಲ. ಅವನ್ನ ನಿಮ್ಮ ಮಾಸ್ತರೇ ಮುಂದ ನಿಂತು ಮಲಗಿಸ್ಯಾರ. ಅವರಿಗೆ ತಿಳೀಲಿಲ್ಲೇನು?"

ಬಾಜಿಯವರು ಕೈ ನಿಲ್ಲಿಸಿದ್ದರು. ಬೀರಲಿಂಗ ಮಾಸ್ತರರ ಮುಖ ನೋಡಿದ. ಗದ್ದಕ್ಕೆ ಬಟ್ಟೆ ಕಟ್ಟಿದ್ದ ಆ ಮುಖದಲ್ಲಿ ಏನೂ ಇರಲಿಲ್ಲ. ಒಂದು ಮಾತಿಗೆ ಈ ಕುಣಿ ತಿರುಗುತ್ತಿತ್ತು. ಅದೇ ಮಾತಿಗೆ ಆ ಕುಣಿ ತಪ್ಪಾಗುತ್ತಿತ್ತು.

"ಸರಿ ಐತ್ರಿ ಅವ್ವಾರ," ಎಂದ. "ನಾನೇ ತಪ್ಪು ನೋಡಿದ್ನಿ."

ಶೇಕ್ಷಾವಲಿ ಬೇರೆ ಕಡೆಗೆ ಮುಖ ತಿರುಗಿಸಿದ. ಹೆಣ ಇಳಿಸಿದರು. ಮಂದಿ ಹಿಡಿ ಮಣ್ಣು ಹಾಕಿ, ಕಾಲಲ್ಲೇ ಕಡ್ಡಿಯನ್ನೂ ಹರಳುಗಳನ್ನೂ ತುಳಿದುಕೊಂಡು ಬೇಲಿ ದಾಟಿದರು.

ತಲೆಯ ಕಡೆ ಕಲ್ಲು ನಿಲ್ಲಿಸುವವನು ಮಗನಾಗಬೇಕಿತ್ತು. ನೀನೇ ನಿಲ್ಲಿಸೆಂದು ಆದೆಮ್ಮ ಬೀರಲಿಂಗನಿಗೆ ಹೇಳಿದಳು. ಅವನು ಗುಡ್ಡದ ಬದಿಗೆ ಮೊಣಕಾಲೂರಿ, ಹಸಿಮಣ್ಣಿನಲ್ಲಿ ಕಲ್ಲು ಇಳಿಸಿ, ಅಲುಗಾಡದಂತೆ ಎರಡೂ ಅಂಗೈಗಳಿಂದ ಒತ್ತಿದ. ಆದೆಮ್ಮ ಬಗ್ಗಿ ಕೈಮುಗಿದಳು, ಮೊದಲು ಗಂಡನ ಕಲ್ಲಿಗೆ, ಆಮೇಲೆ ಮಗನ ಕಲ್ಲಿಗೆ. ತೆಂಕಣ ಅದಲ್ಲ ಎಂದು ಅವನು ಅವಳಿಗೆ ಹೇಳಲಿಲ್ಲ, ಮುಂದೆಯೂ ಯಾರಿಗೂ ಹೇಳಲಿಲ್ಲ.