ಒಂದೇ ಬುರುಡೆ ನೋಡಿ ಇಟ್ಟ ಹೆಸರು

ಗೊರಿಲ್ಲಾದ ಚಾರ್ಟು ಬರೆಯುತ್ತ ಕೂತಿದ್ದರೂ ಕೌಶಲ್ಯಾಳ ಮನಸ್ಸು ಜಹೀರಾಬಾದಿನಲ್ಲಿತ್ತು. ಅಲ್ಲಿನ ಶಾಲೆಗೆ ಸೈನ್ಸ್ ಟೀಚರು ಬೇಕಾಗಿದ್ದರು. ಹೋಗುವುದಾದರೆ ಸೋಮವಾರ ತಿಳಿಸಿರೆಂದು ಅವಳು ಕಲಿಸುತ್ತಿದ್ದ ತಾಂಡೂರಿನ ತೆಲುಗು ಶಾಲೆಯ ಹೆಡ್‌ಮಾಸ್ತರರು ಹೇಳಿದ್ದರು. ರೈಲ್ವೆ ಬುಕಿಂಗಿನಲ್ಲಿದ್ದ ಗಂಡ ಸಂಗಮೇಶ, ತಾನೂ ಅತ್ತಲೇ ವರ್ಗ ಕೇಳುತ್ತೇನೆ, ನಿನ್ನಿಷ್ಟ ಎಂದಿದ್ದ. ಅತ್ತೆಯ ಮನೆ ಬಿಡುವುದೆಂದು ಅವಳು ಹೆಚ್ಚುಕಡಿಮೆ ನಿಶ್ಚಯಿಸಿಬಿಟ್ಟಿದ್ದಳು. ಕಾರಣ, ಹೋಳಿಗೆ.

ಮದುವೆಯಾದ ಮೇಲಿನ ಮೊದಲ ಯುಗಾದಿ ಅದು. ನಾರಾಯಣಖೇಡದ ಅವಳ ತವರಿನಲ್ಲಿ ಹೂರಣಕ್ಕೆ ಕಡಲೆಬೇಳೆ. ತಾಂಡೂರಿನ ಈ ಮನೆಯಲ್ಲಿ ತೊಗರಿಬೇಳೆ. ಪೇಟೆಗೆ ಗಾಡಿಗಟ್ಟಲೆ ತೊಗರಿ ಬರುವ ಊರಲ್ಲಿ ಬೇರೇನು ಬೇಯಿಸಿಯಾರು? ಆದರೂ ಅತ್ತೆ ಪಾರ್ವತಿಬಾಯಿ, ನಿಮ್ಮ ಕಡೆಯದೇ ಮಾಡು ಅಂದಿದ್ದರು. ಕೌಶಲ್ಯಾ ಆಸೆಪಟ್ಟು ಮಾಡಿದಳು. ಅತ್ತೆ ಅಷ್ಟನ್ನೂ ಒಂದು ಹಿತ್ತಾಳೆ ತಾಟಿನಲ್ಲಿ ಒಟ್ಟಿ, ಬಟ್ಟೆ ಮುಚ್ಚಿ ಗೋಡೆಯ ಮಾಡದಲ್ಲಿಟ್ಟು, ಎಲ್ಲರಿಗೂ ತಮ್ಮ ತೊಗರಿ ಹೋಳಿಗೆಯನ್ನೇ ಬಡಿಸಿದರು. ಸಂಜೆಗೆ ತಾಟು ಬರಿದಾಗಿತ್ತು. ದನಕ್ಕೆ ಹಾಕಿದರೋ ಏನೋ, ಅವಳು ಕೇಳಲಿಲ್ಲ. ಅಂದಿನಿಂದ ಅತ್ತೆಯ ಜೊತೆ ಎಷ್ಟು ಬೇಕೋ ಅಷ್ಟೇ ಮಾತು.

ಈಗ ಪಾರ್ವತಿಬಾಯಿ ಮೊರದಲ್ಲಿ ಬೇಳೆ ಹಸನು ಮಾಡುತ್ತ ಚಾರ್ಟಿನತ್ತ ಕಣ್ಣು ಹಾಯಿಸಿದರು. ತೆಲುಗು ಅಕ್ಷರ ಅವರಿಗೆ ಓದಲು ಬಾರದು. ಚಿತ್ರ ನೋಡಿ, ಇವರೊಳಗೂ ಜಾತಿ ಅವ ಏನು ಎಂದು ಕೇಳಿದರು.

ಪಾಠದ ಪ್ರಶ್ನೆಯಾದ್ದರಿಂದ ಕೌಶಲ್ಯಾಳಿಗೆ ಉತ್ತರಿಸದೆ ಇರಲಾಗಲಿಲ್ಲ. ಮೊದಮೊದಲು ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ಬುರುಡೆ ಎಂದಳು. ಒಂದರ ನೆತ್ತಿಯ ಮೇಲೆ ಎಲುಬಿನ ಏಣು, ಇನ್ನೊಂದರದು ನುಣುಪು. ಹೊಸ ಬುರುಡೆ ಬಂದಾಗೆಲ್ಲ ಹೊಸ ಪ್ರಭೇದವೆಂದು ಹೆಸರಿಟ್ಟರು. ಆಮೇಲೆ ರಾಶಿ ಬುರುಡೆಗಳನ್ನು ಒಟ್ಟಿಗಿಟ್ಟು ಅಳೆದಾಗ ಗೊತ್ತಾಯಿತು: ಏಣು ಇದ್ದದ್ದು ಬೆಳೆದ ಗಂಡು, ನುಣುಪಾದದ್ದು ಹೆಣ್ಣು, ಇಲ್ಲವೆ ಎಳೆಯದು. ಒಂದೇ ಕಾಡಿನ ಒಂದೇ ಬಳಗ. ಅಷ್ಟೊಂದು ಹೆಸರು ಹೋಗಿ ಈಗ ಪ್ರಭೇದ ಎರಡೇ ಎನ್ನುತ್ತಾರೆ. ನಡುವೆ ನದಿ, ಕಾಡು ಬಿದ್ದು ದೂರವಾದವುಗಳನ್ನು ಉಪಪ್ರಭೇದ ಎಂದು ನಾಲ್ಕು ಮಾಡಿದ್ದಾರೆ.

ಪಾರ್ವತಿಬಾಯಿ ನಕ್ಕರು. "ಒಂದs ಬುರುಡಿ ನೋಡಿ ಹೆಸರಿಟ್ಟರೇನು? ಕಲತವರು ಜರಾ ತಡೀಬಾರದಾ?"

"ಆಗ ಅವರ ಹತ್ರ ಇದ್ದದ್ದs ಅಷ್ಟು, ಅತ್ತಿ."

"ಕೇಳಬೇಕಿತ್ತವ್ವಾ, ಅಲ್ಲಿ ಇದ್ದವರಿಗೆ." ಮೊರ ಕೆಳಗಿಟ್ಟು ಅವರು ತಡೆತಡೆದು ಕೇಳಿದರು, "ಅವತ್ತಿನ ಹೋಳಿಗಿ ಇನ್ನೊಮ್ಮೆ ಮಾಡ್ತೀ ಏನು?"

ಕೌಶಲ್ಯಾಳ ಕುಂಚ ನಿಂತಿತು. "ಅವನ್ನ ಯಾರೂ ತಿನ್ನಲಿಲ್ಲಲ್ರಿ."

"ಬಂಡಮ್ಮ ತಿಂದಾಳಲ್ಲ. ಸಂತ್ಯಾಗ ಸಿಕ್ಕಾಗೆಲ್ಲ ಅದs ಮಾತು."

ಬಂಡಮ್ಮ ಓಣಿಯ ಸೂಲಗಿತ್ತಿ. ಹೊಕ್ಕಳಬಳ್ಳಿ ಕೊರಳಿಗೆ ಸುತ್ತಿಕೊಂಡು ಹುಟ್ಟಿದ ಸಂಗಮೇಶನನ್ನು ಉಳಿಸಿಕೊಟ್ಟವಳು. ಇಲ್ಲಿನ ರೂಢಿಯಂತೆ ಸೊಸೆ ಮಾಡಿದ ಮೊದಲ ಹೋಳಿಗೆ, ಹೆರಿಗೆಯಲ್ಲಿ ಮಗನನ್ನು ಹಿಡಿದ ಸೂಲಗಿತ್ತಿಯ ಪಾಲು. ಅವಳು ಉಣ್ಣದೆ ಮನೆಯವರು ಮುಟ್ಟುವಂತಿಲ್ಲ. ಆಕೆ ತನ್ನ ಮೊಮ್ಮಕ್ಕಳಿಗೂ ಬೇಕೆಂದು ತಾಟು ಖಾಲಿ ಮಾಡಿಕೊಂಡು ಹೋಗಿದ್ದಳು. ಪಾರ್ವತಿಬಾಯಿ ಇದನ್ನೆಲ್ಲ ಹೇಳುತ್ತ ಸೊಸೆಯ ಮುಖ ನೋಡಿದರು. ಸೊಸೆ ಅದನ್ನು ಅವಮಾನವೆಂದುಕೊಂಡಿದ್ದಳೆಂದು ಅವರಿಗೆ ತಿಳಿಯಿತು.

"ನಿಮ್ಮ ಕಡೀನೂ ಹಿಂಗs ಇರ್ತದ ಅಂದ್ಕೊಂಡಿದ್ದೆ ನಾ. ನನಗೂ ಯಾರೂ ಹೇಳಿದ್ದಿಲ್ಲ ನೋಡು. ಹೊಸದಾಗಿ ಬಂದಾಗ ನನ್ನ ಹೋಳಿಗೀನೂ ಹಿಂಗs ಎತ್ತಿಟ್ಟಿದ್ರು, ಬಚ್ಚಲದಾಗ ಕೂತು ಅತ್ತಿದ್ದೆ. ಮರತs ಬಿಟ್ಟಿದ್ದೆ ಅದನ್ನ."

ಕೌಶಲ್ಯಾ ಚಾರ್ಟಿನ ಬುರುಡೆಯನ್ನು ನೋಡಿದಳು. ಕಾಲೇಜಿನಲ್ಲಿ ಆ ವಿಜ್ಞಾನಿಗಳ ಅವಸರಕ್ಕೆ ನಕ್ಕವರಲ್ಲಿ ಅವಳೂ ಒಬ್ಬಳು. ಇಲ್ಲಿ ಒಂದು ತಾಟು ನೋಡಿ ಇಡೀ ಮನೆಗೆ ಹೆಸರಿಟ್ಟು ಕೂತಿದ್ದಳು. ಎದ್ದು, ಮನೆಯಲ್ಲಿ ಕಡಲೆಬೇಳೆ ಅದ ಏನ್ರಿ ಎಂದು ಕೇಳಿದಳು. ಯುಗಾದಿಯ ಮರುವಾರವೇ ತಂದಿಟ್ಟ ಡಬ್ಬಿಯನ್ನು ಪಾರ್ವತಿಬಾಯಿ ತೊಗರಿಯ ಹಿಂದಿನಿಂದ ತೆಗೆದರು. ಕೇಳಲು ಅವರಿಗೂ ಸಂಕೋಚವಾಗಿತ್ತಂತೆ.

ಮರುದಿನ ಭಾನುವಾರ. ಪಾರ್ವತಿಬಾಯಿ ಬಿಸಿ ಹೋಳಿಗೆಗೆ ತುಪ್ಪ ಸವರಿ, ಕಣ್ಣು ಮುಚ್ಚಿ ನಿಧಾನವಾಗಿ ತಿಂದರು. ಕೌಶಲ್ಯಾ ಪರೀಕ್ಷೆಗೆ ಕೂತ ಹುಡುಗಿಯಂತೆ ಕಾದಳು.

"ಫರಕ್ ಅದ," ಎಂದರು. "ಆದರ ಹೋಳಿಗೀನೇ."

ಮತ್ತೊಂದಕ್ಕೆ ಕೈ ಚಾಚಿದರು. ಜಹೀರಾಬಾದಿಗೆ ಬೇರೆಯವರನ್ನು ನೋಡಿಕೊಳ್ಳಲು ನಾಳೆ ಹೆಡ್‌ಮಾಸ್ತರರಿಗೆ ಹೇಳಬೇಕೆಂದುಕೊಳ್ಳುತ್ತ ಕೌಶಲ್ಯಾ ಹೋಳಿಗೆ ಬಡಿಸಿದಳು.