ತಾಗಿದರೆ ಹೂಂ ಅನ್ನಿ

ನನ್ನ ಗಂಡನಿಗೆ ಕ್ಷೌರದ ಕೆಲಸ. ಅವರ ಕತ್ತರಿಗಿಂತ ಅವರ 'ಹೂಂ'ಗೇ ಗಿರಾಕಿಗಳು ಹೆಚ್ಚು. ಕುರ್ಚಿಯಲ್ಲಿ ಕೂತವನು ರಾಜಕೀಯ ಕೊಚ್ಚಲಿ, ಸೊಸೆಯ ಮೇಲೆ ದೂರು ಹೇಳಲಿ, ಮಾತಿನ ನಡುವೆ ಸಣ್ಣ ಸಂದು ಸಿಕ್ಕರೆ ಸಾಕು, ಇವರು 'ಹೂಂ' ಎನ್ನುತ್ತಾರೆ. ಕೇಳಿಸಿಕೊಂಡಿರಬೇಕೆಂದೇನಿಲ್ಲ. ಬೀದಿಯವರು ಇಟ್ಟ ಹೆಸರು ಹೂಂರಾಯ. ಒಮ್ಮೆ ನಾನು ಕೋಪದಲ್ಲಿ "ಹೀಗೇ ಆದ್ರೆ ಸತ್ತೇ ಹೋಗ್ತೀನಿ ನಾನು" ಎಂದಿದ್ದಕ್ಕೂ "ಹೂಂ" ಎಂದ ಮಹಾನುಭಾವರು.

ಅಂಥವರ ಎಡಗಾಲು ಊದಿಕೊಂಡಿತು. ಕಾಲಿನ ಹರಡಿನಿಂದ ಬೆರಳಿನವರೆಗೂ ಕೆಂಪು, ಮುಟ್ಟಿದರೆ ಬಿಸಿ. ಚಪ್ಪಲಿಯೊಳಗೆ ಪಾದ ಹಿಡಿಸುತ್ತಿರಲಿಲ್ಲ. "ಎಲ್ಲೋ ಉಳುಕಿರ್ಬೇಕು. ನೋವೇನಿಲ್ಲ ಕಣೇ" ಎಂದು ದಿನವಿಡೀ ಅಂಗಡಿಯಲ್ಲಿ ನಿಂತೇ ಇದ್ದರು. ಅವರಿಗೆ ಸಕ್ಕರೆ ಕಾಯಿಲೆ ಹಳೆಯದು, ಗಾಯವಾದರೆ ಮಾತ್ರ ಅಪಾಯ ಎಂದುಕೊಂಡಿದ್ದವಳು ನಾನು. ನೋವಿಲ್ಲ ಎಂದಾಗ ಸಮಾಧಾನವೇ ಆಗಿತ್ತು. ಕೊನೆಗೆ ಪಾದದ ಒಳಬದಿಯ ಕಮಾನು ಇಳಿದು ಅಂಗಾಲು ಚಪ್ಪಟೆಯಾದದ್ದನ್ನು ಕಂಡು, ದರದರ ಎಳೆದುಕೊಂಡೇ ಆಸ್ಪತ್ರೆಗೆ ಹೋದೆ.

ಪಾದದ ಡಾಕ್ಟರಮ್ಮನದು ಮಾತು ಕಡಿಮೆ. ಎರಡೂ ಪಾದಗಳ ಮೇಲೆ ಅಂಗೈಯ ಹಿಂಬದಿಯನ್ನಿಟ್ಟು ಬಿಸಿ ಹೋಲಿಸಿದರು. ಹರಡನ್ನು ಮೆಲ್ಲಗೆ ಆಡಿಸಿದರು, ಹಿಮ್ಮಡಿ ಒತ್ತಿದರು, ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. "ರಕ್ತ ಚೆನ್ನಾಗೇ ಹರೀತಿದೆ" ಎಂದಾಗ ನನಗೆ ಅರ್ಧ ಜೀವ ಬಂತು. ಆಮೇಲೆ ಒಂದು ಹಿಡಿಗೆ ಸಿಕ್ಕಿಸಿದ, ಗಾಳದ ದಾರದಂಥ ನೈಲಾನ್ ಎಳೆ ತೆಗೆದರು.

"ಕಣ್ಣು ಮುಚ್ಕೊಳ್ಳಿ. ಇದು ತಾಗಿದರೆ ಹೂಂ ಅನ್ನಿ."

ಇವರ ಹತ್ತಿರ ಆಡಬಾರದ ಮಾತೆಂದರೆ ಅದೊಂದೇ.

ಎಳೆಯನ್ನು ಹೆಬ್ಬೆರಳಿನ ತುದಿಗೆ ಬಾಗುವಷ್ಟು ಒತ್ತಿದರು. "ಹೂಂ." ಅಂಗಾಲಿನ ಮುಂಭಾಗಕ್ಕೆ ಒತ್ತಿದರು. "ಹೂಂ." ಕಿರುಬೆರಳಿನ ಬುಡಕ್ಕೆ. "ಹೂಂ." ನನಗೆ ಉಳಿದರ್ಧ ಜೀವವೂ ಬಂತು. ಆಗ ಡಾಕ್ಟರಮ್ಮ ಎಳೆಯನ್ನು ಮೇಲೆತ್ತಿ, ಗಾಳಿಯಲ್ಲೇ ಹಿಡಿದು ಸುಮ್ಮನೆ ಕೂತರು.

"ಹೂಂ" ಎಂದರು ನನ್ನ ಗಂಡ. ಸ್ವಲ್ಪ ಬಿಟ್ಟು, ಗಿರಾಕಿಗೆ ಬೇಸರವಾಗಬಾರದೆಂಬಂತೆ, ಇನ್ನೊಮ್ಮೆ "ಹೂಂ."

ನಾನು ಅವರ ಭುಜ ಹಿಡಿದು ಅಲುಗಿಸಿದೆ. "ರೀ, ಅವರು ಮುಟ್ಟೇ ಇಲ್ಲ ರೀ!"

ಅವರು ಕಣ್ಣು ಬಿಟ್ಟು ಪೆಚ್ಚಾಗಿ ನಕ್ಕರು. "ಪಾಪ, ಅಷ್ಟು ಕಷ್ಟಪಡ್ತಿದ್ರಲ್ಲ. ಮುಟ್ತಿರ್ಬೇಕು ಅಂದ್ಕೊಂಡೆ."

ಎಕ್ಸ್‌ರೇ ಬಂತು. ಪಾದದ ನಡುವಿನ ಮೂಳೆಗಳು ಮುರಿದು, ಒಂದರ ಮೇಲೊಂದು ಜಾರಿದ್ದವು. "ನರಗಳು ಸತ್ತಿವೆ, ಅದಕ್ಕೇ ನೋವಿಲ್ಲ" ಎಂದರು ಡಾಕ್ಟರಮ್ಮ. "ಮುರಿದ ಮೂಳೆ ಮೇಲೇ ನಿಂತು ಕಟಿಂಗ್ ಮಾಡಿದ್ದಾರೆ."

"ಮೊದಲಿನ ಹಾಗೆ ಆಗುತ್ತಾ?"

"ಆಕಾರ ಬರಲ್ಲಮ್ಮ. ಪ್ಲಾಸ್ಟರ್ ಹಾಕ್ತೀನಿ. ಕೆಲವು ತಿಂಗಳು ಈ ಕಾಲನ್ನ ನೆಲಕ್ಕೆ ಊರಲೇಬಾರದು. ಇನ್ನೂ ಕುಸಿದು ಹುಣ್ಣಾದರೆ ಕಾಲು ಉಳಿಸೋದು ಕಷ್ಟ." ಅವರು ಪ್ಲಾಸ್ಟರ್ ತರಲು ಒಳಗೆ ಹೋದರು.

ನಾನು ಗೋಡೆಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದೆ. ಬಿಡುವಷ್ಟರಲ್ಲಿ ಇವರು ಮಂಚದಿಂದ ಇಳಿದು, ಎರಡೂ ಕಾಲೂರಿ ನಿಂತು, ನನ್ನ ಕೈಯಿಂದ ಜಾರಿದ್ದ ಚೀಲ ಎತ್ತಿಕೊಡುತ್ತಿದ್ದರು.

"ಊರಬೇಡಿ ಅಂದ್ರಲ್ಲ ರೀ!"

"ಓ... ನೋವಿಲ್ವಲ್ಲ, ಮರೆತೇಬಿಟ್ಟೆ" ಎಂದು ಪಾಪದವರಂತೆ ಮಂಚ ಹತ್ತಿದರು.

ನಾನು ಸ್ನಾನಕ್ಕೆ ಹೋದಾಗ, ನಿದ್ದೆ ಹೋದಾಗ ಈ ಕಾಲನ್ನು ಕಾಯುವವರು ಯಾರು? ಕಾಯಬೇಕಾದ ನೋವೇ ಇಲ್ಲ. ಗಂಡನಿಗೆ ನೋವಾಗಲಿ ಎಂದು ಯಾವ ಹೆಂಡತಿಯಾದರೂ ಬೇಡಿಕೊಂಡಾಳೇ? ನಾನು ಬೇಡಿಕೊಂಡೆ. ಅವರು ಬಾಗಿಲ ಕಡೆ ನೋಡುತ್ತಿದ್ದಾಗ, ಎಡಗಾಲಿನ ಹೆಬ್ಬೆರಳನ್ನು ಇದ್ದ ಬಲವನ್ನೆಲ್ಲ ಹಾಕಿ ಚಿವುಟಿದೆ.

"ಪ್ಲಾಸ್ಟರ್ ತಣ್ಣಗಿರುತ್ತಾ?" ಎಂದರು, ಬಾಗಿಲನ್ನೇ ನೋಡುತ್ತಾ.

ಇನ್ನೂ ಜೋರಾಗಿ ಚಿವುಟಿದೆ. ಏನೂ ಇಲ್ಲ. ನನ್ನ ಬಿಕ್ಕು ಕೇಳಿಸಿರಬೇಕು, ಇತ್ತ ತಿರುಗಿದರು. ನನ್ನ ಮುಖ ನೋಡಿದರು, ಬೆರಳ ಮೇಲೆ ಮೂಡಿದ್ದ ಗುರುತು ನೋಡಿದರು.

"ಅಮ್ಮಾ! ನೋವಾಯ್ತು ಕಣೇ" ಎಂದು ಮುಖ ಕಿವುಚಿ ಕಾಲನ್ನು ಎಳೆದುಕೊಂಡರು.

ಅಷ್ಟು ಹೊತ್ತಿಗೆ ನಾನು ಕೈ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದೆ.